ಇರುವೆ ಜಾರುವ ಅಂಚು

ಎರಡನೇ ಗುದ್ದಿಗೆ ನನ್ನ ಓಮ್ನಿಯ ಹಿಂದಿನ ಗಾಜು ಪುಡಿಪುಡಿಯಾಗಿ ಉದುರಿತು!

"ಅಮ್ಮ, ತಲೆ ಬಗ್ಗಿಸಿ!"

"ಬಗ್ಗಿಸಿದ್ರೆ ಎಲೆಯಡಿಕೆ ಗಂಟ್ಲಿಗೆ ಸಿಕ್ಕಂತದೆ ಮಾರಾಯ್ತಿ. ನೀ ಗಾಡಿ ಓಡ್ಸು!"

ಹೀಗೆಂದವರು ವೆಂಕಮ್ಮ. ಪಕ್ಕದ ಸೀಟಿನಲ್ಲಿ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದು ಕೂತಿದ್ದರು. ಅವರ ಎರಡು ಪಾದಗಳ ನಡುವೆ ಒಂದು ಬಿಳಿ ಪ್ಲಾಸ್ಟಿಕ್ ಕ್ಯಾನು. ಲೇಬಲ್ ಇಲ್ಲ. ತಳದಲ್ಲಿ ನಾಲ್ಕು ಬೆರಳಿನಷ್ಟು ಔಷಧಿ.

ಹಿಂದೆ ಬರುತ್ತಿದ್ದ ಪಿಕಪ್‌ನವನಿಗೆ ಬೇಕಾಗಿದ್ದದ್ದು ನಾನಲ್ಲ, ವೆಂಕಮ್ಮನೂ ಅಲ್ಲ.

ಆ ಕ್ಯಾನು!

ಯಡೂರು ದಾಟಿ ನಗರ ಅನ್ನುವ ಊರಿನ ಕಡೆ ಹೊರಟಿದ್ದೆವು. ಒಂದೂವರೆ ಗಾಡಿ ಹಿಡಿಸುವ ರಸ್ತೆ. ಎಡಕ್ಕೆ ಗೋಡೆಯಂತೆ ಎದ್ದ ಮಣ್ಣಿನ ದರೆ, ಬಲಕ್ಕೆ ಕಂದಕ. ಕನ್ನಡಿಯಲ್ಲಿ ನೋಡಿದೆ. ಪಿಕಪ್ ಮತ್ತೆ ವೇಗ ಹಿಡಿಯುತ್ತಿತ್ತು. ಸ್ಟೇರಿಂಗ್ ಹಿಡಿದಿದ್ದವನು ಶ್ಯಾಮ. ಹೊಸನಗರದ ಬೆಳೆ ಔಷಧಿ ಅಂಗಡಿ ಮಂಜುನಾಥಪ್ಪನ ಬಲಗೈ. ತೋಳು ಇದೆ, ತಲೆ ಇಲ್ಲ... ಅಂಥವರ ಕೈಗೆ ಸ್ಟೇರಿಂಗ್ ಸಿಕ್ಕರೆ ಭಯ ಪಡಲೇಬೇಕು. ನಾನೂ ಪಟ್ಟೆ. ಸುಳ್ಳು ಯಾಕೆ ಹೇಳಲಿ!

ತಿರುವು ದಾಟಿದರೆ ಎದುರಿಗೆ ಒಂದು ಪ್ರೈವೇಟ್ ಬಸ್ಸು. ನಮ್ಮ ದಾರಿಯಲ್ಲೇ ಹೊರಟದ್ದು, ಯಾರನ್ನೋ ಇಳಿಸಿ ನಿಂತಿತ್ತು.

"ಗುದ್ತೀಯಾ ಎಂತ?" ವೆಂಕಮ್ಮ ಕೂಗಿದರು.

"ಇಲ್ಲ. ಅದರ ಮುಂದೆ ಹೋಗ್ತೀನಿ."

"ಜಾಗ ಎಲ್ಲಿದೆ?"

ಇರಲಿಲ್ಲ! ಬಸ್ಸಿಗೂ ದರೆಗೂ ನಡುವೆ ನುಗ್ಗಿಸಿದೆ. ನನ್ನ ಎಡಗನ್ನಡಿ ದರೆಯ ಪಾಲಾಯಿತು, ಬಲಗನ್ನಡಿ ಬಸ್ಸಿನ ಪಾಲಾಯಿತು. ಕಂಡಕ್ಟರ್ ನಮ್ಮ ವಂಶವನ್ನೆಲ್ಲ ನೆನೆದ. ಆದರೆ ನಾನು ಮುಂದೆ ಬಂದಿದ್ದೆ. ಬಸ್ಸು ಹೊರಟಿತು. ಹಿಂದೆ ಪಿಕಪ್ ಹಾರ್ನ್ ಹೊಡೆಯುತ್ತಲೇ ಇತ್ತು.

ಹೊಡೆದುಕೊಳ್ಳಲಿ. ನಮ್ಮ ಕಡೆ ಪ್ರೈವೇಟ್ ಬಸ್ಸಿನ ಡ್ರೈವರು ಯಮ ಬಂದರೂ ಸೈಡ್ ಕೊಡುವುದಿಲ್ಲ!

ಈಗ ಉಸಿರಾಡಲು ಸ್ವಲ್ಪ ಪುರಸೊತ್ತು ಸಿಕ್ಕಿತು. ನಿಮಗೆ ವಿಷಯ ಹೇಳಿಬಿಡುತ್ತೇನೆ.

ನಾನು ರಕ್ಷಾ. ತೀರ್ಥಹಳ್ಳಿ ಕಡೆಯವಳು. ಹಿಂದೆ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದೆ. ಸಲ್ಯೂಟ್ ಹೊಡೆದೂ ಹೊಡೆದೂ ಕೈ ಸೋತಿತು, ಬಿಟ್ಟೆ. ಈಗ ಸಾಗರದಲ್ಲಿ ಝೆರಾಕ್ಸ್ ಅಂಗಡಿಯ ಮೇಲೆ ಒಂದು ಮೇಜು, ಎರಡು ಕುರ್ಚಿ. ಓಡಿಹೋದ ಗಂಡ, ಕಳವಾದ ಜೆಸಿಬಿ, ನಿಶ್ಚಿತಾರ್ಥಕ್ಕೆ ಮುಂಚೆ ಹುಡುಗನ ಜಾತಕದಲ್ಲಿ ಇಲ್ಲದ ಚರಿತ್ರೆ... ಹುಡುಕಿಕೊಡುವುದು ನನ್ನ ಕೆಲಸ.

ನಿನ್ನೆ ಆ ಎರಡನೇ ಕುರ್ಚಿಗೆ ಬಂದು ಕೂತವರು ಯಶೋಧಾ. ಹುಂಚದ ಜೈನರ ಮನೆಯವರು. ಸಸ್ಯಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ್ದಾರೆ. ನಗರದ ಹತ್ತಿರ ತಾಯಿಯ ಜಮೀನಿನಲ್ಲಿ ಪಾಲಿಹೌಸ್ ಕಟ್ಟಿ, ಪರವಾನಗಿ ತೆಗೆದುಕೊಂಡು, ಮೇಘಾಲಯದ ಹೂಜಿ ಗಿಡ ಬೆಳೆಸಿದ್ದಾರೆ. ಎಲೆಯ ತುದಿಯಲ್ಲಿ ಹೂಜಿ ತೂಗುತ್ತದಲ್ಲ, ಹುಳ ತಿನ್ನುವ ಗಿಡ... ಅದು! ಒಂದು ಗಿಡವನ್ನು ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರು. ಊರಲ್ಲಿ ಬಿಟ್ಟು ಬರಲು ಧೈರ್ಯವಿರಲಿಲ್ಲವಂತೆ.

"ನಾಳೆ ನನ್ನ ಗಿಡಗಳನ್ನ ಸುಡ್ತಾರೆ," ಅಂದರು.

"ಯಾರು?"

"ಊರೇ."

"ಯಾಕೆ?"

"ಊರಿನ ಜೇನೆಲ್ಲ ಸತ್ತಿವೆ. ಜೇನು ಸಾಕ್ತಿದ್ದ ಗಿರಿಯಪ್ಪ ತೀರ್ಥಹಳ್ಳಿ ಆಸ್ಪತ್ರೇಲಿ ಮಾತಿಲ್ಲದೆ ಮಲಗಿದ್ದಾರೆ. ಎರಡಕ್ಕೂ ನನ್ನ ಗಿಡದ ಮಕರಂದವೇ ಕಾರಣ ಅಂತೆ."

"ಮಕರಂದದಲ್ಲಿ ವಿಷ ಇದೆಯಾ?"

"ಇದೆ," ಅಂದರು. ಹಿಂದೆ ಮುಂದೆ ನೋಡಲಿಲ್ಲ. "ಇರುವೆಗೆ. ಮನುಷ್ಯ ಹಾಗೆ ಬೀಳಬೇಕಾದ್ರೆ ಒಂದು ಲಾರಿ ಹೂಜಿ ನೆಕ್ಕಬೇಕು! ನಾನು ಯೂಟ್ಯೂಬಿನವರ ಮುಂದೆ ಇದನ್ನೆಲ್ಲ ಹೇಳಿದ್ದೆ. ಮಂಜುನಾಥಪ್ಪ ‘ಇದರಲ್ಲಿ ವಿಷ ಇದೆ’ ಅನ್ನೋದಷ್ಟನ್ನೇ ಕತ್ತರಿಸಿ ಊರಿಗೆಲ್ಲ ವಾಟ್ಸಾಪ್ ಮಾಡಿದ್ದಾರೆ."

"ನಿಮಗೆ ಸುಳ್ಳು ಹೇಳೋಕೆ ಬರಲ್ವಾ ಮೇಡಂ?"

"ಇಲ್ಲ."

"ಕಷ್ಟ ಇದೆ!"

ಆಮೇಲೆ ಗಿಡದ ಕೆಲಸ ವಿವರಿಸಿದರು. ಕೇಳಿ, ನಿಮಗೂ ಉಪಯೋಗಕ್ಕೆ ಬರುತ್ತದೆ. ಹೂಜಿಯ ಬಾಯಿಯ ಅಂಚಿನಲ್ಲಿ ಸಿಹಿ ಒಸರುತ್ತದೆ. ಅಂಚು ಒಣಗಿದ್ದಾಗ ಒಂದು ಇರುವೆ ಬರುತ್ತದೆ, ತಿನ್ನುತ್ತದೆ, ಕ್ಷೇಮವಾಗಿ ಮನೆಗೆ ಹೋಗುತ್ತದೆ. ಗಿಡ ಅದನ್ನು ಬಿಟ್ಟುಬಿಡುತ್ತದೆ. ಅದು ಹೋಗಿ ನೆಂಟರಿಷ್ಟರನ್ನೆಲ್ಲ ಕರೆತರುತ್ತದೆ. ಅಷ್ಟರಲ್ಲಿ ಗಾಳಿಯ ತೇವಕ್ಕೆ ಆ ಸಿಹಿಯೇ ನೀರು ಹೀರಿಕೊಂಡು ಅಂಚು ಒದ್ದೆಯಾಗಿರುತ್ತದೆ. ಕಾಲಿಟ್ಟರೆ ಜಾರು! ಅದರ ಮೇಲೆ ಮಕರಂದದಲ್ಲಿ ಒಂದು ರಾಸಾಯನಿಕ. ನರದಲ್ಲಿ ಒಂದು ಸುದ್ದಿ ಓಡಿದ ಮೇಲೆ ಅದನ್ನು ಅಳಿಸುವ ಕಿಣ್ವವೊಂದು ಇರುತ್ತದಂತೆ. ಆ ಕಿಣ್ವದ ಕೈ ಕಟ್ಟಿಬಿಡುತ್ತದೆ. ಇರುವೆಯ ಕಾಲು ಇರುವೆಯ ಮಾತು ಕೇಳುವುದಿಲ್ಲ. ಬಿದ್ದರೆ ಏಳುವುದಿಲ್ಲ.

"ಒಳಗಿನ ನೀರಲ್ಲಿ ಯಾವುದೂ ಬದುಕಲ್ವಾ?" ಅಂತ ಕೇಳಿದೆ.

"ಸೊಳ್ಳೆ ಮರಿ ಬದುಕ್ತವೆ. ಬಿದ್ದವರನ್ನ ತಿಂದುಕೊಂಡು."

ನಾನು ಇಲಾಖೆಯಲ್ಲಿ ಇದ್ದವಳು. ಅದನ್ನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಗಿರಿಯಪ್ಪನನ್ನು ನೋಡಿದೆ. ಬಾಯಲ್ಲಿ ಜೊಲ್ಲು. ಕಣ್ಣಿನ ಪಾಪೆ ಸಾಸಿವೆಕಾಳಿನಷ್ಟು. ತೊಡೆಯ ಮಾಂಸ ತಾನಾಗಿ ಅದುರುತ್ತಿತ್ತು. ಡಾಕ್ಟರ್ ಬಿಂದು ಚಿಕ್ಕ ವಯಸ್ಸಿನ ಹುಡುಗಿ. ಕಣ್ಣ ಕೆಳಗೆ ಕಪ್ಪು. ರಾತ್ರಿ ಮಲಗಿದ ಹಾಗೆ ಕಾಣಲಿಲ್ಲ.

"ಕೀಟನಾಶಕದ ಲಕ್ಷಣ ಇದು. ಅದಕ್ಕೆ ಮದ್ದು ಕೊಡ್ತಿದ್ದೀವಿ," ಅಂದರು. "ಆದ್ರೆ ಹಿಡೀತಿಲ್ಲ. ಜೊತೆಗೆ ಬೇರೇನೋ ಸೇರಿದೆ. ರಕ್ತ ಹುಳಿ ತಿರುಗ್ತಾ ಇದೆ. ಏನು ಬೆರೆಸಿದ್ದಾರೆ ಅಂತ ಗೊತ್ತಾಗದೆ ಮುಂದಿನ ಮದ್ದು ಕೊಡೋಕಾಗಲ್ಲ."

"ಮಂಚದ ಕೆಳಗಿರೋ ಈ ಔಷಧಿ ಕ್ಯಾನು ಲ್ಯಾಬಿಗೆ ಕಳಿಸಿದ್ರೆ?"

"ರಿಪೋರ್ಟ್ ಬರೋ ಹೊತ್ತಿಗೆ ಇವರು ಇರಲ್ಲ. ಸಂಜೆಯೊಳಗೆ ಗೊತ್ತಾಗಬೇಕು. ಸ್ವಲ್ಪ ಸ್ಯಾಂಪಲ್ ತೆಗೆದಿಟ್ಕೊಂಡಿದ್ದೀನಿ. ಕ್ಯಾನು ಕೊಟ್ಟ ಅಂಗಡಿಯವರಿಗೆ ನಾನೇ ಫೋನ್ ಮಾಡಿದೆ ಮೇಡಂ! ‘ನಾ ಎಂತದೂ ಮಾರಿಲ್ಲ, ಹೂಜಿ ಗಿಡದ ವಿಷ ಅದು’ ಅಂತ ಇಟ್ಟುಬಿಟ್ರು."

ಮಂಚದ ಪಕ್ಕ ಕೂತಿದ್ದ ವೆಂಕಮ್ಮ, ಗಿರಿಯಪ್ಪನ ಹೆಂಡತಿ, ಆಗ ಎದ್ದರು.

"ಸುಳ್ಳು! ಅಪ್ಪೆಮಿಡಿ ಮಾವಿನ ಮರಕ್ಕೆ ಜಿಗಿಹುಳ ಬಿದ್ದದೆ ಅಂತ ಅವನೇ ಕೊಟ್ಟಿದ್ದು. ಊರಿಗೆಲ್ಲ ಕೊಟ್ಟಾನೆ. ನಮ್ಮನೆಯೋರು ಇಡೀ ದಿನ ಹೂವಿಗೆ ಹೊಡೆದ್ರು. ಪಂಪು ಬೆನ್ನ ಮೇಲೆ ಸೋರ್ತಾ ಇತ್ತು. ಮಾರನೇ ದಿನ ಪೆಟ್ಟಿಗೆ ಮುಂದೆ ಜೇನು ರಾಶಿ ರಾಶಿ ಸತ್ತಿದ್ವು. ಅದರ ಮಾರನೇ ದಿನ ಇವರು ಬಿದ್ರು."

ಅರ್ಥವಾಯಿತಲ್ಲ? ಹೂವಿಗೆ ವಿಷ, ಹೂವಿಗೆ ಬಂದ ಜೇನಿಗೆ ವಿಷ, ಹೊಡೆದವನಿಗೂ ವಿಷ. ಮಂಜುನಾಥಪ್ಪ ಜೇನು ಸಾಕುವವರ ಸಂಘಕ್ಕೂ ಅಧ್ಯಕ್ಷ, ಜೇನು ಕೊಲ್ಲುವ ಔಷಧಿಗೂ ಡೀಲರ್! ಕ್ಯಾನಿನಲ್ಲಿ ಏನಿದೆ ಅಂತ ಬಾಯಿ ಬಿಟ್ಟರೆ ಅವನು ಜೈಲಿಗೆ. ಬಿಡದಿದ್ದರೆ ಗಿರಿಯಪ್ಪ ಮಣ್ಣಿಗೆ, ಯಶೋಧಾ ಜೈಲಿಗೆ.

"ಅಮ್ಮ, ಆ ಮಂಜುನಾಥಪ್ಪ ಈಗ ಯಶೋಧಾರ ಪಾಲಿಹೌಸ್ ಹತ್ರ ಇರ್ತಾನೆ. ನೀವು ಬರ್ತೀರಾ?" ಅಂದೆ.

"ನಡಿ," ಅಂದರು. ಕ್ಯಾನನ್ನು ತಾವೇ ಎತ್ತಿಕೊಂಡರು.

ಆಸ್ಪತ್ರೆಯ ಗೇಟಿನಲ್ಲೇ ಪಿಕಪ್ ಹಿಂದೆ ಬಿತ್ತು. ಮುಂದಿನದು ನಿಮಗೆ ಗೊತ್ತು.

ಪಾಲಿಹೌಸ್ ಮುಂದೆ ಜನ ಸೇರಿದ್ದರು. ಎಲ್ಲರ ಮುಖದಲ್ಲೂ ಸಿಟ್ಟು. ಸಿಟ್ಟಿಗೆ ಕಾರಣವೂ ಇತ್ತು. ಮನೆ ಮಕ್ಕಳ ಹಾಗೆ ಸಾಕಿದ ಜೇನು ಒಂದೇ ವಾರದಲ್ಲಿ ಖಾಲಿಯಾದರೆ ಯಾರಿಗೆ ಹೊಟ್ಟೆ ಉರಿಯುವುದಿಲ್ಲ?

ಬಾಗಿಲ ಬಳಿ ಪೆಟ್ರೋಲ್ ವಾಸನೆ. ಬಾಗಿಲಿಗೆ ಬೆನ್ನು ಕೊಟ್ಟು ಯಶೋಧಾ ನಿಂತಿದ್ದರು. ಕಾಟನ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಿದ್ದರು.

ಮಂಜುನಾಥಪ್ಪ ನನ್ನನ್ನು ನೋಡಿದ. ಬಿಳಿ ಶರ್ಟು, ಜೇಬಿನಲ್ಲಿ ಎರಡು ಪೆನ್ನು, ಹಣೆಯ ತುಂಬ ಬೆವರು.

"ಓ... ಸಾಗರದ ಸಿಐಡಿ ಬಂದ್ರಾ? ಎಂತ ಮಾಡ್ಲಿಕ್ಕೆ?"

"ಒಂದೇ ಪ್ರಶ್ನೆ ಯಜಮಾನ್ರೇ. ಈ ಕ್ಯಾನಲ್ಲಿ ಏನಿದೆ?"

"ನಂಗೆಂತ ಗೊತ್ತು? ನನ್ನ ಅಂಗಡಿ ಲೇಬಲ್ ಉಂಟನ ಅದರ ಮೇಲೆ?"

"ನಿನ್ನ ಕೈಯಾರೆ ಕೊಟ್ಟಿದ್ದಲ್ಲನ!" ವೆಂಕಮ್ಮ ಗುಡುಗಿದರು.

"ವೆಂಕಮ್ಮ, ಗಂಡ ಮಲಗಿದ ಸಂಕಟಕ್ಕೆ ನಿಂಗೆ ತಲೆ ಸರಿ ಇಲ್ಲೆ. ಹೋಗು, ಅವನ ಹತ್ರ ಕೂತ್ಕ." ಜನರ ಕಡೆ ತಿರುಗಿದ. "ಗಿರಿಯಪ್ಪಂಗೆ ಜೇನು ಕೊಟ್ಟಿದ್ದು ಈ ಹೆಂಗಸು! ವಿಷದ ಗಿಡದ ಜೇನು! ಹುಡುಕಿದ್ರೆ ಈ ಮನೇಲೇ ಸಿಗ್ತದೆ!"

ಅದೇ ಹೊತ್ತಿಗೆ ಪಿಕಪ್ ಬಂದು ನಿಂತಿತು. ಬಸ್ಸು ಕೊನೆಗೂ ಎಲ್ಲೋ ಸೈಡ್ ಕೊಟ್ಟಿತ್ತೇನೋ. ಶ್ಯಾಮ ಇಳಿದ. ಇಳಿದವನೇ ಸೊಂಟಕ್ಕೆ ಸುತ್ತಿದ್ದ ಟವೆಲ್ಲನ್ನು ಒತ್ತಿ ಹಿಡಿದು, ಪಕ್ಕದಲ್ಲೇ ಇದ್ದ ಯಶೋಧಾರ ಮನೆಯ ಹಿತ್ತಿಲ ಕಡೆ ಓಡಿದ. ಸ್ವಲ್ಪ ಹೊತ್ತಿಗೆ ಮುಂಬಾಗಿಲಿನಿಂದ ಹೊರಗೆ ಬಂದ. ಕೈಯಲ್ಲಿ ಒಂದು ಬಾಟಲಿ!

"ಸಿಕ್ತು! ಅಡುಗೆಮನೆ ಕಪಾಟಲ್ಲೇ ಇತ್ತು, ಬೆಲ್ಲದ ಡಬ್ಬಿ ಪಕ್ಕ! ಇದೇ ಆ ಜೇನು!"

ಜನ "ಹೋ" ಅಂದರು. ಒಬ್ಬ ಕಲ್ಲು ಎತ್ತಿಕೊಂಡ.

ಆಗ ಗುಂಪಿನ ಹಿಂದಿನಿಂದ ಒಂದು ನಗು ಕೇಳಿಸಿತು. ಪಕ್ಕದ ಮನೆಯ ಯಮುನಮ್ಮ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಗುತ್ತಿದ್ದರು.

"ಎಲ್ಲಿತ್ತು ಅಂದ್ಯಾ?"

"ಅಡುಗೆಮನೇಲಿ!"

"ಜಿನಶ್ರೀ ಅಮ್ಮನ ಅಡುಗೆಮನೇಲಿ... ಜೇನು!" ಜಿನಶ್ರೀ ಅಮ್ಮ ಅಂದರೆ ಯಶೋಧಾರ ತಾಯಿ. ಯಮುನಮ್ಮ ಮುಂದೆ ಬಂದರು. "ನಮ್ಮ ಮೊಮ್ಮಗನ ನಾಮಕರಣಕ್ಕೆ ಪಂಚಾಮೃತ ಮಾಡಿದಾಗ ಇವರಿಗೆ ಅಂತ ಜೇನು ಹಾಕದೆ ಬೇರೆ ಬಟ್ಟಲಲ್ಲಿ ತೆಗೆದಿಟ್ಟಿದ್ದೆ. ಜೇನು ತೆಗೆಯುವಾಗ ಹುಳ ಸಾಯ್ತದೆ ಅಂತ ಜೈನರು ಮುಟ್ಟೋದೇ ಇಲ್ಲ. ನಮ್ಮ ಅಜ್ಜಿ ಕಾಲದಿಂದ ಊರಿಗೇ ಗೊತ್ತು. ಇಡೋಕೆ ನಿಂಗೆ ಬೇರೆ ಜಾಗ ಸಿಗಲಿಲ್ವೇನೋ ಪೆದ್ದ!"

ಕಲ್ಲು ಎತ್ತಿದವನು ಅದನ್ನು ಮೆಲ್ಲಗೆ ಕೆಳಗಿಟ್ಟ.

ಪಾಲಿಹೌಸಿನಲ್ಲಿ ಇಟ್ಟಿದ್ದರೆ ನಂಬುತ್ತಿದ್ದರೋ ಏನೋ. ಅವಸರದಲ್ಲಿ ಆ ಮಂಕು ಶ್ಯಾಮ, ಊರಲ್ಲಿ ಜೇನು ಇರಲು ಸಾಧ್ಯವೇ ಇಲ್ಲದ ಒಂದೇ ಕಪಾಟನ್ನು ಆರಿಸಿಕೊಂಡಿದ್ದ!

"ತಿನ್ನೋಕಲ್ಲ, ಮಾರೋಕೆ ಇಟ್ಟಿದ್ದಾಳೆ!" ಮಂಜುನಾಥಪ್ಪ ಬಿಡಲಿಲ್ಲ. "ಅದು ಹೋಗ್ಲಿ. ಸತ್ತ ಜೇನಿಗೆ ಎಂತ ಹೇಳ್ತಾಳೆ? ಈ ಗಿಡ ತಿಂದಿದ್ದಲ್ಲನ ಅವು?"

"ಒಳಗೆ ಬನ್ನಿ," ಅಂದರು ಯಶೋಧಾ.

ಬೆನ್ನ ಹಿಂದೆ ಕೈ ಚಾಚಿ ಬಾಗಿಲ ಚಿಲಕ ತೆಗೆದರು.

"ಎಲ್ಲರೂ ಬನ್ನಿ. ಯಾವ ಹೂಜಿ ತೋರಿಸ್ತೀರೋ ಅದನ್ನ ಸೀಳ್ತೀನಿ. ಒಂದೇ ಒಂದು ಜೇನುಹುಳ ಸಿಕ್ಕಿದ್ರೆ ನೀವು ಕಡ್ಡಿ ಗೀರಬೇಡಿ. ನಾನೇ ಗೀರ್ತೀನಿ!"

ಅವರ ಕಾಲು ಒಂದಿಂಚೂ ಕದಲಲಿಲ್ಲ. ನನಗೆ ಆಗ ಅವರ ಮೇಲೆ ನಿಜವಾಗಿ ಅಭಿಮಾನ ಬಂತು.

ಒಳಗೆ ಬಿಸಿಲ ಕಾವು. ಬೆವರಿಗೆ ಬಟ್ಟೆ ಮೈಗೆ ಅಂಟುತ್ತಿತ್ತು. ಸಾಲು ಸಾಲು ಹೂಜಿಗಳು, ಹಸಿರು, ಕೆಂಪು, ಮುಚ್ಚಳ ತೆರೆದುಕೊಂಡು. ಜನ ಬೆರಳು ತೋರಿಸಿದ ಕಡೆಯೆಲ್ಲ ಯಶೋಧಾ ಬ್ಲೇಡಿನಿಂದ ಸೀಳಿ ಬಿಳಿ ತಟ್ಟೆಗೆ ಸುರಿದರು.

ಇರುವೆ.

ಮತ್ತೆ ಇರುವೆ. ಒಂದು ಜೇಡ. ಒಂದು ಗೆದ್ದಲು. ಇನ್ನೂ ಇರುವೆ. ಕುಣಿಯುತ್ತಿದ್ದ ಸೊಳ್ಳೆ ಮರಿ.

ಜೇನು... ಒಂದೂ ಇಲ್ಲ!

"ಸುತ್ತ ಬಲೆ ಇದೆ ನೋಡಿ. ಜೇನು ಒಳಗೆ ಬರೋಕೇ ಆಗಲ್ಲ. ಇರುವೆ ನೆಲದಿಂದ ಬರ್ತದೆ," ಅಂದರು ಯಶೋಧಾ. ಆಮೇಲೆ ಒಂದು ಹೂಜಿಯ ಅಂಚಿಗೆ ಬೆರಳು ತೋರಿಸಿದರು. "ಇಲ್ಲಿ ನೋಡಿ. ಈಗ ಒಣಗಿದೆ. ಆರಾಮಾಗಿ ತಿಂತಾ ಇವೆ."

ಹೌದು. ಮದುವೆಮನೆಯ ಪಂಕ್ತಿಯಲ್ಲಿ ಕೂತಂತೆ ಸಾಲಾಗಿ ನಿಂತು ಸಿಹಿ ಹೀರುತ್ತಿದ್ದವು.

ಅವರು ಸ್ವಿಚ್ ಒತ್ತಿದರು. ಮೇಲಿನಿಂದ ಮಂಜಿನಂಥ ನೀರು ಸುಂಯ್ ಎಂದಿತು. ಅಂಚು ಹೊಳೆಯಿತು. ಒಂದು ಇರುವೆ ಜಾರಿತು. ಇನ್ನೊಂದು. ಆಮೇಲೆ ಸಾಲೇ ಜಾರಿತು!

ಜನ ಬಾಯಿ ಬಿಟ್ಟು ನೋಡುತ್ತಿದ್ದರು. ನಾನು ಮಾತ್ರ ಮಂಜುನಾಥಪ್ಪನನ್ನು ನೋಡುತ್ತಿದ್ದೆ.

ಹೆದರಿಸಿದರೆ ಈ ಆಸಾಮಿ ಬಾಯಿ ಬಿಡುವುದಿಲ್ಲ. ಬೈದರೆ ಬಿಡುವುದಿಲ್ಲ. ಹೊಡೆದರೆ ಕೇಸು ಹಾಕುತ್ತಾನೆ. ಅಲ್ಲಿ ತೀರ್ಥಹಳ್ಳಿಯಲ್ಲಿ ಒಬ್ಬ ಮನುಷ್ಯನ ಉಸಿರು ಸಣ್ಣಗಾಗುತ್ತಿದೆ. ಗಿಡ ಏನು ಮಾಡಿತು? ಮೊದಲು ಉಣಿಸಿತು.

ಸರಿ. ನಾವೂ ಉಣಿಸೋಣ!

ಮೊದಲು ಬಿಂದು ಡಾಕ್ಟರ ನಂಬರ್ ಒತ್ತಿ ಫೋನನ್ನು ಜೇಬಿಗೆ ಇಳಿಬಿಟ್ಟೆ. ವೆಂಕಮ್ಮನ ಕೈಯಿಂದ ಕ್ಯಾನು ತೆಗೆದುಕೊಂಡೆ. ಮುಚ್ಚಳ ಬಿಚ್ಚಿ ಮಂಜುನಾಥಪ್ಪನ ಮೂಗಿಗೆ ಹಿಡಿದೆ.

"ಇದು ನಿಮ್ಮದಲ್ಲ ಅಲ್ವಾ? ಮೂಸಿ ನೋಡಿ ಹೇಳಿ."

ಥೂ ಎಂದು ಮುಖ ತಿರುಗಿಸಿದ. "ನನ್ನದಲ್ಲ ಅಂದೆನಲ್ಲ!"

ಆ ಹಬೆಯಲ್ಲಿ ವಾಸನೆ ಪಾಲಿಹೌಸಿನ ಮೂಲೆ ಮೂಲೆಗೆ ಹರಡಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನನಗೆ ಬೇಕಾಗಿದ್ದದ್ದೂ ಅದೇ.

ಆಮೇಲೆ ಭುಜ ಇಳಿಬಿಟ್ಟೆ. ಧ್ವನಿ ಇಳಿಸಿದೆ.

"ಆಯ್ತು ಯಜಮಾನ್ರೇ. ಸಾಕ್ಷಿ ಇಲ್ಲ, ಲೇಬಲ್ ಇಲ್ಲ. ನಾನು ಸೋತೆ. ಕ್ಯಾನು ನೀವೇ ಇಟ್ಕೊಳ್ಳಿ. ಗಿಡದ ಪಂಚಾಯ್ತಿ ನೀವೂ ಮೇಡಮ್ಮೂ ಕೂತು ಮುಗಿಸ್ಕೊಳ್ಳಿ."

"ಎಂತ ಹೇಳ್ತಿದ್ದೀಯೇ!" ವೆಂಕಮ್ಮ ನನ್ನ ತೋಳು ಹಿಡಿದು ಜಗ್ಗಿದರು. ಅವರ ಕಣ್ಣಲ್ಲಿ ನೀರು. "ಇದಕ್ಕೇನ ನನ್ನ ಇಲ್ಲಿ ತನಕ ಕರ್ಕಂಡು ಬಂದಿದ್ದು?"

ಅವರ ಮುಖ ನೋಡಲು ಆಗಲಿಲ್ಲ. ಮುಚ್ಚಳ ಹಾಕದೆಯೇ ಕ್ಯಾನನ್ನು ಮೇಜಿನ ಮೇಲೆ ಇಟ್ಟೆ.

ಮಂಜುನಾಥಪ್ಪನ ಮುಖ ಅರಳಿತು. "ಈಗ ದಾರಿಗೆ ಬಂದ್ರಿ," ಅಂದ. ಒಂದು ಸ್ಟೂಲ್ ಎಳೆದು ಕೂತ. ಟವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ.

ಬಾಗಿಲಲ್ಲಿ ಯಶೋಧಾರ ತಾಯಿ ಜಿನಶ್ರೀ ಅಮ್ಮ ಕಾಣಿಸಿಕೊಂಡರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಬೆಲ್ಲದ ತುಂಡುಗಳು, ಹಿತ್ತಾಳೆ ಚೊಂಬಿನಲ್ಲಿ ಬಟ್ಟೆಯಲ್ಲಿ ಸೋಸಿದ ನೀರು, ಲೋಟಗಳು.

"ಬಿಸಿಲಲ್ಲಿ ಬಂದಿದ್ದೀರಿ," ಅಂದರು. "ಸುಡೋದಾದ್ರೆ ಆಮೇಲೆ ಸುಡಿ. ಮೊದಲು ಆಸರಿಗೆ ತಗಳಿ."

ನಮ್ಮ ಕಡೆ ಶತ್ರು ಬಂದರೂ ಬೆಲ್ಲ ನೀರು ಕೊಡುತ್ತಾರೆ. ಕೊಟ್ಟಿದ್ದನ್ನು ಬೇಡ ಅನ್ನುವುದು ಶತ್ರುವಿಗೂ ಕಷ್ಟ. ಅದೂ ಊರಿನವರೆಲ್ಲ ನೋಡುತ್ತಿರುವಾಗ!

"ನೀವು ಕೊಡಿ ಅಮ್ಮ, ನಾನು ಹಂಚ್ತೀನಿ," ಅಂದೆ. ತಟ್ಟೆ ತೆಗೆದುಕೊಂಡು ಅತ್ತ ತಿರುಗಿ, ಮೇಜಿನ ಮೇಲೆ ಕ್ಯಾನಿನ ಪಕ್ಕ ಇಟ್ಟೆ. ಒಂದು ಲೋಟಕ್ಕೆ ನೀರು ಬಗ್ಗಿಸಿದೆ. ಮಂಜುನಾಥಪ್ಪನಿಗೆ ಮೊದಲು ದೊಡ್ಡ ಬೆಲ್ಲದ ತುಂಡು ಕೊಟ್ಟೆ. ಬಾಯಿಗೆ ಹಾಕಿಕೊಂಡ. ಆಮೇಲೆ ಲೋಟ ಕೊಟ್ಟೆ. ಗಟಗಟ ಕುಡಿದ.

"ಇನ್ನೊಂದು?"

"ಕೊಡಿ."

ಕೊಟ್ಟೆ. ಅದನ್ನೂ ಮುಗಿಸಿ ಮೀಸೆ ಒರೆಸಿಕೊಂಡ.

"ಹೇಗಿತ್ತು ಯಜಮಾನ್ರೇ?"

"ಚೆನ್ನಾಗಿತ್ತು. ಯಾಕೆ?"

"ಸ್ವಲ್ಪ ಒಗರು ಅನ್ನಿಸಲಿಲ್ವಾ?"

ನನ್ನ ಮುಖ ನೋಡಿದ. ಆಮೇಲೆ ಮೇಜು ನೋಡಿದ. ಮೇಜಿನ ಮೇಲೆ ಮುಚ್ಚಳ ತೆರೆದ ಕ್ಯಾನು. ಕ್ಯಾನಿನ ಕೊರಳಿಗೆ ಒರಗಿದ ಖಾಲಿ ಲೋಟ.

"ಎಂತ... ಎಂತ ಹಾಕಿದ್ದೀ?"

"ನಿಮ್ಮದಲ್ಲದ್ದು. ಎರಡು ಮುಚ್ಚಳ."

ಗುಂಪಿನಲ್ಲಿ ಯಾರೋ "ಅಯ್ಯಯ್ಯೋ" ಅಂದರು. ಯಶೋಧಾ ಬೆಚ್ಚಿ ನನ್ನ ಕಡೆ ನೋಡಿದರು. ಸುಳ್ಳು ಹೇಳಲು ಬಾರದವರಿಗೆ ಸುಳ್ಳಿನ ಗುರುತೂ ಸಿಗುವುದಿಲ್ಲ. ಒಳ್ಳೆಯದೇ ಆಯಿತು!

"ಹುಚ್ಚಿ! ನಂಗೆ ವಿಷ ಕುಡಿಸಿದ್ಳು!" ಮಂಜುನಾಥಪ್ಪ ಎದ್ದ. ಸ್ಟೂಲ್ ಉರುಳಿತು. ಗಂಟಲಿಗೆ ಬೆರಳು ಹಾಕಿದ. "ಆಸ್ಪತ್ರೆ! ಶ್ಯಾಮಾ, ಗಾಡಿ ತೆಗಿ!"

"ಹೋಗಬಹುದು," ಅಂದೆ. "ಆದ್ರೆ ಹೋಗಿ ಏನು ಹೇಳ್ತೀರಿ? ಗಿರಿಯಪ್ಪ ಅಲ್ಲೇ ಮಲಗಿದ್ದಾರೆ. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಡಾಕ್ಟರ್ ಕೈಚೆಲ್ಲಿ ಕೂತಿದ್ದಾರೆ. ನಿಮಗೂ ಪಕ್ಕದ ಮಂಚ ಕೊಡ್ತಾರೆ, ಅಷ್ಟೇ."

"ಗೊತ್ತು! ನಂಗೆ ಗೊತ್ತು!"

"ನಿಮ್ಮದಲ್ಲ ಅಂದ್ರಲ್ಲ?"

"ಕ್ಲೋರ್‌ಪೈರಿಫಾಸ್!" ಕಿರುಚಿದ. "ಹಳೇ ಸ್ಟಾಕು... ಡೇಟು ಮುಗಿದಿದ್ದು..."

"ಅಷ್ಟೇನಾ?"

"ಥಿನ್ನರ್... ಪೇಂಟಿಂದು..."

"ಯಾವ ಥಿನ್ನರ್?"

"ಬ್ಯಾರಲ್‌ನಲ್ಲಿ ಬರ್ತದಲ್ಲ... ಮಿಥನಾಲ್! ಅರ್ಧಕ್ಕರ್ಧ ಮಿಥನಾಲ್! ಇನ್ನೆಂತದೂ ಇಲ್ಲ, ದೇವರಾಣೆ ಇಲ್ಲ! ಕರ್ಕಂಡು ಹೋಗ್ರೋ ನನ್ನ!"

ಜೇಬಿನಿಂದ ಫೋನ್ ತೆಗೆದು ಸ್ಪೀಕರ್ ಹಾಕಿದೆ.

"ಕೇಳಿಸ್ತಾ ಡಾಕ್ಟ್ರೇ?"

"ಮಿಥನಾಲ್!" ಬಿಂದು ಧ್ವನಿ ಕಿವಿಗೆ ಬಡಿಯಿತು. "ಅದಕ್ಕೇ ರಕ್ತ ಹಾಗಾಗಿದೆ! ಸಿಸ್ಟರ್, ಓಡಿ..." ಫೋನ್ ಕಟ್ಟಾಯಿತು.

ವೆಂಕಮ್ಮ ನಡೆದು ಬಂದರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆಯಲಿಲ್ಲ. ಅವನ ಎದುರು ನಿಂತು, ಮುಖವನ್ನೇ ನೋಡುತ್ತ ಕೇಳಿದರು.

"ಇಷ್ಟೇ ಎರಡು ಹೆಸರು. ಇಷ್ಟನ್ನ ಬಾಯಲ್ಲಿ ಇಟ್ಕಂಡು ಇಷ್ಟು ದಿನ ಸುಮ್ನೆ ಕೂತಿದ್ಯನಾ? ನಿನ್ನ ಮದುವೇಲಿ ಚಪ್ಪರ ಹಾಕಿದ ಮನುಷ್ಯ ಅಲ್ಲನ ಅವ?"

ಮಂಜುನಾಥಪ್ಪ ತಲೆ ತಗ್ಗಿಸಿ ಓಕರಿಸುತ್ತಿದ್ದ.

ಬಾಗಿಲಲ್ಲಿ ಶ್ಯಾಮ ನಿಂತಿದ್ದ. ಒಂದು ಕೈಯಲ್ಲಿ ಪೆಟ್ರೋಲ್ ಬಾಟಲಿ, ಇನ್ನೊಂದರಲ್ಲಿ ಬೆಂಕಿಪೊಟ್ಟಣ. ನಾನು ಅವನ ಕಡೆ ಹೊರಟೆ. ಒಂದು ಕಡ್ಡಿ ಗೀರಿದರೆ ನಾವೆಲ್ಲರೂ ಒಳಗೆ, ಬೆಂಕಿ ಬಾಗಿಲಲ್ಲಿ!

"ಅಣ್ಣಾ..." ಅಂದ ಶ್ಯಾಮ. ನನ್ನ ಜೊತೆಗಲ್ಲ, ಯಜಮಾನನ ಜೊತೆ. "ನಮ್ಮನೆಗೆ ಕೊಟ್ಟಿದ್ದೂ ಅದೇನಾ? ನನ್ನ ಹೆಂಡ್ತಿ ಮೊನ್ನೆ ಹೊಡೆದ್ಳಲ್ಲ... ಅದೇನಾ?"

ಮಂಜುನಾಥಪ್ಪ ಮುಖ ಆ ಕಡೆ ತಿರುಗಿಸಿದ.

ಶ್ಯಾಮ ಬೆಂಕಿಪೊಟ್ಟಣವನ್ನು ನೀರಿನ ತೊಟ್ಟಿಗೆ ಎಸೆದ. ಪಿಕಪ್ ಹತ್ತಿ ತನ್ನ ಮನೆಯ ಕಡೆ ಹೊರಟುಹೋದ. ಅವನ ಹಾರ್ನ್ ಊರು ದಾಟುವವರೆಗೂ ಕೇಳುತ್ತಿತ್ತು. ಗುಂಪಿನವರೂ ಒಬ್ಬೊಬ್ಬರಾಗಿ ಓಡಿದರು. ಪ್ರತಿ ಮನೆಯ ಕೊಟ್ಟಿಗೆಯಲ್ಲೂ ಒಂದು ಬಿಳಿ ಕ್ಯಾನು ಇತ್ತಲ್ಲ! ಯಶೋಧಾ ಹಿಂದಿನಿಂದ ಕೂಗುತ್ತಿದ್ದರು. "ಬರಿಗೈಲಿ ಮುಟ್ಟಬೇಡಿ! ಹಳ್ಳಕ್ಕೆ ಸುರೀಬೇಡಿ! ಇಲ್ಲಿಗೆ ತನ್ನಿ!"

ಸುಡಲು ಬಂದವರಿಗೆ ಬುದ್ಧಿ ಹೇಳಿ ಕಳಿಸಿದರು. ನಾನಾಗಿದ್ದರೆ ಬೈದು ಕಳಿಸುತ್ತಿದ್ದೆ.

ಆಮೇಲೆ ನನ್ನ ಕಡೆ ತಿರುಗಿದರು. ಮುಖ ಬಿಳಿಚಿತ್ತು.

"ರಕ್ಷಾ ಅವರೇ... ನಿಜವಾಗ್ಲೂ ಹಾಕಿದ್ರಾ?"

ಅವರ ಕಿವಿಯಲ್ಲಿ ಉತ್ತರ ಹೇಳಿದೆ. ಅವರು ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟರು.

"ಅವರಿಗೆ ಹೇಳಿಬಿಡಿ. ಪಾಪ, ಒದ್ದಾಡ್ತಿದ್ದಾರೆ."

"ಹೇಳ್ತೀನಿ ಮೇಡಂ. ತೀರ್ಥಹಳ್ಳಿ ದೂರ ಇದೆ. ದಾರೀಲಿ ಇನ್ನೂ ಸ್ವಲ್ಪ ಕೇಳೋದಿದೆ."

ನನ್ನ ಓಮ್ನಿಗೆ ಹಿಂದಿನ ಗಾಜಿರಲಿಲ್ಲ, ಎರಡೂ ಕನ್ನಡಿಗಳಿರಲಿಲ್ಲ. ಹಿಂದಿನ ಸೀಟಿನಲ್ಲಿ ಮಂಜುನಾಥಪ್ಪ ಅಡ್ಡ ಬಿದ್ದಿದ್ದ. ನನ್ನ ಪಕ್ಕದಲ್ಲಿ ವೆಂಕಮ್ಮ. ದಾರಿಯುದ್ದಕ್ಕೂ ಅವನು ಮಾತಾಡಿದ. ಬ್ಯಾರಲ್ ಎಲ್ಲಿಂದ ಬಂತು, ಗೋಡೌನ್ ಎಲ್ಲಿ, ಯಾವ ಯಾವ ಊರಿಗೆ ಎಷ್ಟು ಹೋಗಿದೆ... ಕೇಳದೆಯೂ ಹೇಳಿದ. ನನ್ನ ಫೋನ್ ಎಲ್ಲವನ್ನೂ ಕೇಳಿಸಿಕೊಂಡಿತು.

ವೆಂಕಮ್ಮ ಒಂದೇ ಒಂದು ಮಾತಾಡಿದರು. "ಜೋರು ಓಡ್ಸು."

ಅದು ಮಂಜುನಾಥಪ್ಪನಿಗಾಗಿ ಅಲ್ಲ ಅಂತ ನಿಮಗೆ ಗೊತ್ತು.

ಆಸ್ಪತ್ರೆ ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಬಿಂದು ಮೆಟ್ಟಿಲ ಮೇಲೆಯೇ ಸಿಕ್ಕಿದರು. ವೆಂಕಮ್ಮನ ಎರಡೂ ಕೈ ಹಿಡಿದುಕೊಂಡರು.

"ಮದ್ದು ಹಿಡೀತಿದೆ ಅಮ್ಮ. ಉಸಿರು ಸುಧಾರಿಸಿದೆ. ಮಿಥನಾಲ್ ದೃಷ್ಟಿಗೂ ಹೊಡೆಯುತ್ತೆ, ಕಣ್ಣಿನ ವಿಷಯ ಈಗಲೇ ಹೇಳೋಕಾಗಲ್ಲ... ಆದ್ರೆ ಬದುಕ್ತಾರೆ."

ವೆಂಕಮ್ಮ ಮೆಟ್ಟಿಲ ಮೇಲೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಗಾಡಿ ಗುದ್ದಿದಾಗ ಅಳದ ಹೆಂಗಸು! ನಾನೂ ಸ್ವಲ್ಪ ಹೊತ್ತು ಬೇರೆ ಕಡೆ ನೋಡಿದೆ.

ಬೇರೆ ಕಡೆ ನೋಡಿದರೆ ಅಲ್ಲಿ ಇನ್‌ಸ್ಪೆಕ್ಟರ್. ನನ್ನ ಹಳೇ ಸಾಹೇಬರು, ಬಿಂದು ಕರೆಸಿದ್ದರು. ಸ್ಟ್ರೆಚರ್ ಮೇಲೆ ಮಂಜುನಾಥಪ್ಪ ಮುರುಟಿಕೊಂಡು ನರಳುತ್ತಿದ್ದ. ಕೈಕಾಲು ನಡುಗುತ್ತಿದ್ದವು, ಬಾಯಲ್ಲಿ ನೊರೆ ಬಂದಿತ್ತು.

"ರಕ್ಷಾ, ನಿಜ ಹೇಳು. ಏನು ಕುಡಿಸಿದ್ದೀಯ ಇವನಿಗೆ? ಮರ್ಡರ್ ಅಟೆಂಪ್ಟ್ ಆಗುತ್ತೆ!"

"ಬೆಲ್ಲ ಸಾರ್. ಮತ್ತೆ ಸೋಸಿದ ನೀರು."

"ಬರೀ ಬೆಲ್ಲಕ್ಕೆ ಮನುಷ್ಯ ಹೀಗೆ ಒದ್ದಾಡ್ತಾನೇನೇ?"

"ಏನು ಮಾಡೋದು ಸಾರ್... ಅವರಿಗೆ ಅವರ ಅಂಗಡಿ ಮಾಲಿನ ಮೇಲೆ ಅಷ್ಟು ನಂಬಿಕೆ!"